ಹೊಗಳಿದ್ದಕ್ಕೆ ಸಿಕ್ಕಿದ ಕೋವಿ

ನಮ್ಮ ಮಾವನವರು ಒಮಾನಿನ ಸೂರ್‌ಗೆ ಬಂದಿಳಿದ ಮರುದಿನವೇ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಊರಿನಿಂದ ತಂದ ಕೊಡೆಯನ್ನು ಭುಜಕ್ಕೆ ಆನಿಸಿ, ಎದುರು ಮನೆಯ ನೀರಿನ ಟ್ಯಾಂಕಿನ ಮೇಲಿದ್ದ ಪಾರಿವಾಳಕ್ಕೆ ಗುರಿ ಹಿಡಿದರು. ಕೆಳಗೆ ಕಾರು ತೊಳೆಯುತ್ತಿದ್ದ ಬಂಗಾಳಿ ತಲೆಯೆತ್ತಿ ನೋಡಿದವನೇ ಬಕೆಟ್ಟು ಬಿಟ್ಟು ಓಡಿದ.

"ಮಾವ, ಮೊದ್ಲು ಅದನ್ನ ಒಳಗಿಡಿ. ಪೊಲೀಸ್ನೋರು ಬಂದ್ಬಿಡ್ತಾರೆ" ಎಂದೆ.

"ಇಲ್ಲಿ ಕೊಡೆಗೂ ಲೈಸೆನ್ಸ್ ಬೇಕಾ ಮಾರಾಯ್ತಿ?"

ನಾನು ಮೈಸೂರಿನವಳು. ಹಲ್ಲಿಯನ್ನು ಪೊರಕೆಯಿಂದ ಓಡಿಸಿದರೂ "ಪಾಪ, ಬಿಡೇ" ಅನ್ನುವ ಮನೆಯಲ್ಲಿ ಬೆಳೆದವಳು. ಮದುವೆಯಾಗಿ ಬಂದದ್ದು ಸುಳ್ಯದ ಕಡೆಯ ತುಳು ಮಾತಾಡುವ ಮನೆಗೆ. ಆ ಮನೆಯ ಗೋಡೆಯ ಮೇಲೆ ದೇವರ ಪಟದ ಪಕ್ಕದಲ್ಲೇ ಒಂದು ಒಂಟಿ ನಳಿಗೆಯ ಕೋವಿ ತೂಗುತ್ತಿತ್ತು. ಬೆಳೆ ರಕ್ಷಣೆಯ ಲೈಸೆನ್ಸಿನ ಕೋವಿ. ಬೇಟೆ ಕಾನೂನಿಗೆ ವಿರುದ್ಧ ಆದ ಮೇಲೆ ಮಾವ ಅದರಿಂದ ಹಂದಿ ಹೆದರಿಸಿದ್ದು ಬಿಟ್ಟರೆ ಬೇರೇನೂ ಮಾಡಿರಲಿಲ್ಲ. ಆದರೂ ವಾರಕ್ಕೊಮ್ಮೆ ಎಣ್ಣೆ ಹಾಕಿ ಒರೆಸಬೇಕು, ನಳಿಗೆಯೊಳಗೆ ಒಂದು ಕಣ್ಣಿಟ್ಟು ನೋಡಬೇಕು. ಕಳೆದ ವರ್ಷ ಕಣ್ಣು ಮಂಜಾಯಿತೆಂದು ಲೈಸೆನ್ಸು ನವೀಕರಣವಾಗಲಿಲ್ಲ. ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದರು. ಕಣ್ಣಿನ ಆಪರೇಷನ್ ಆಗಿ ದೃಷ್ಟಿ ಸರಿಹೋಯಿತು, ಮನುಷ್ಯ ಸರಿಹೋಗಲಿಲ್ಲ. ಅತ್ತೆ ನಾದಿನಿಯ ಬಾಣಂತನಕ್ಕೆಂದು ಬೊಂಬಾಯಿಗೆ ಹೋದದ್ದೇ ನೆಪವಾಗಿ, ನನ್ನ ಗಂಡ ಅವರನ್ನು ವಿಸಿಟ್ ವೀಸಾದ ಮೇಲೆ ಇಲ್ಲಿಗೆ ಕರೆಸಿದರು. ಸಮುದ್ರ ನೋಡಿದರೆ ಮನಸ್ಸು ಹಗುರಾಗುತ್ತದೆ ಅಂತ. ಕರಾವಳಿ ಜಿಲ್ಲೆಯವರಿಗೆ ಕಡಲು ತೋರಿಸಿದ ಬುದ್ಧಿವಂತರು ನಾವು!

ಬೇಟೆಯ ವಿಷಯಕ್ಕೆ ನನಗೂ ಮಾವನಿಗೂ ಯಾವತ್ತೂ ಜಟಾಪಟಿಯೇ. ಅಷ್ಟು ಚಂದದ ಕಣ್ಣಿನ ಜಿಂಕೆಯನ್ನು ಹೊಡೆಯುವುದರಲ್ಲಿ ಏನು ಸುಖ ಎಂದು ನಾನು ಕೇಳುವುದು, "ಬದನೆಕಾಯಿ ತಿನ್ನುವವರಿಗೆ ಹೇಳಿ ಎಂತ ಪ್ರಯೋಜನ" ಎಂದು ಅವರು ಎದ್ದು ಹೋಗುವುದು. ಈ ಸಲ ನಾನು ಕೆಣಕಿದರೂ ಅವರು ಎದ್ದು ಹೋಗಲಿಲ್ಲ, ಸುಮ್ಮನೆ ತಲೆಯಾಡಿಸಿದರು. ಅದು ನನಗೆ ಇನ್ನೂ ಸಂಕಟ.

ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ಒಮಾನಿ ಹುಡುಗಿ. ನಮ್ಮಿಬ್ಬರ ಭಾಷೆ ಅರ್ಧ ಇಂಗ್ಲಿಷು, ಅರ್ಧ ಹಿಂದಿ. ಬಕ್ರೀದ್ ಹತ್ತಿರ ಬಂದಾಗ ಮಾವನ ಕೊಡೆಯ ಕಥೆ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ನಮ್ಮಜ್ಜನೂ ಹೀಗೇ! ಹಬ್ಬದ ಎರಡನೇ ದಿನ ನಮ್ಮೂರಿಗೆ ಬನ್ನಿ. ಹಳೇ ಕೋವಿಗಳಲ್ಲಿ ಗುರಿ ಹೊಡೆಯುವ ಆಟ ಇರತ್ತೆ" ಎಂದಳು. ಅವಳ ಊರು ಸೂರ್‌ನಿಂದ ಒಳಕ್ಕೆ, ಬೋಳು ಗುಡ್ಡಗಳ ನಡುವಿನ ಒಣಹೊಳೆಯ ದಂಡೆಯಲ್ಲಿ. ಗಂಡ, ಮಾವ, ನಾನು ಮೂವರೂ ಹೋದೆವು.

ಅಜ್ಜ ಎಂದರೆ ಒಣಗಿದ ಖರ್ಜೂರದ ಹಾಗೆ, ಸುಕ್ಕಿದ್ದರೂ ಗಟ್ಟಿ. ಮೊಣಕಾಲಿನ ಮೇಲೆ ಅವರ ಕೋವಿ. ಬ್ರಿಟಿಷರ ಕಾಲದ್ದಂತೆ. ಬೆರಳಿನಿಂದ ಎಳೆಯುವ ಕುದುರೆಯ ಕೆಳಗೆ ಒಂದು ಉದ್ದನೆಯ ಲಿವರ್. ಅದನ್ನು ಕೆಳಕ್ಕೆ ಎಳೆದರೆ ಮೇಲೆ ಬಾಯಿ ತೆರೆಯುತ್ತದೆ, ಒಂದು ಗುಂಡಿನ ತೋಟೆ ಇಟ್ಟು ಮೇಲಕ್ಕೆ ಎಳೆದರೆ ಮುಚ್ಚುತ್ತದೆ. ಒಂದೇ ಒಂದು ತೋಟೆ, ಅಷ್ಟೇ. ದೂರದ ಬಂಡೆಯ ಮೇಲೆ ಬಿಳಿ ಕಲ್ಲಿಟ್ಟಿದ್ದರು. ಊರಿನ ಗಂಡಸರೆಲ್ಲ ಸರದಿಯಲ್ಲಿ ಹೊಡೆದರು. ಅಜ್ಜ ಹೊಡೆದಾಗ ಕಲ್ಲು ಹಿಟ್ಟಾಯಿತು. ನಮ್ಮ ಮಾವ ಪಂಚೆ ಎತ್ತಿ ಕಟ್ಟಿ, ಆ ಗುಂಪಿನ ನಡುವೆ ನಿಂತು, ಯಕ್ಷಗಾನ ನೋಡುವವರಂತೆ "ಭಲೇ!" ಎಂದು ಕೂಗಿದರು. ನಾನು ಆ ಧ್ವನಿ ಕೇಳಿ ಒಂದು ವರ್ಷವಾಗಿತ್ತು.

ಆಟ ಮುಗಿದ ಮೇಲೆ ಮಜಲಿಸ್‌ನಲ್ಲಿ, ಎಂದರೆ ಅವರ ಮನೆಯ ಪಡಸಾಲೆಯಲ್ಲಿ, ಕಾಫಿ ಮತ್ತು ಹಲ್ವಾ. ಮಾವನಿಗೆ ಬರುವುದು ಟಿವಿ ನೋಡಿ ಕಲಿತ ಹಿಂದಿ, ಅಜ್ಜನದ್ದು ಅಂಗಡಿಗಳಲ್ಲಿ ಕಲಿತ ಹಿಂದಿ. ಎರಡೂ ಸೇರಿ ಗಾಡಿ ಓಡಲಿಲ್ಲವಾದ್ದರಿಂದ ನನ್ನನ್ನು ದುಭಾಷಿಯಾಗಿ ಹೆಂಗಸರ ಕಡೆಯಿಂದ ಕರೆಸಿದರು. ಅಜ್ಜ ಖಾಲಿ ಕೋವಿಯನ್ನು ಮಾವನ ಕೈಗಿತ್ತರು. ಮಾವ ಲಿವರನ್ನು ಎಳೆದರು, ಬಿಟ್ಟರು, ಮತ್ತೆ ಎಳೆದರು. ನಳಿಗೆಯ ಬಾಯಿಗೆ ಮೂಗಿಟ್ಟು ಮೂಸಿದರು.

"ಕೇಳು ಮಗಾ, ಇದರಲ್ಲಿ ಜಿಂಕೆಗೆ ಎಷ್ಟು ದೂರದಿಂದ ಹೊಡೆಯುತ್ತಿದ್ದರಂತೆ?"

ಕೇಳಿದೆ. ಅಜ್ಜ ನಕ್ಕರು. ಈಗ ಇಲ್ಲಿಯೂ ಜಿಂಕೆಗೆ ಕೈ ಹಚ್ಚುವಂತಿಲ್ಲ, ಹಚ್ಚಲೂಬಾರದು, ಉಳಿದಿರುವುದೇ ನಾಲ್ಕು ಎಂದರು. ಆದರೆ ಹುಡುಗನಾಗಿದ್ದಾಗ ಬಯಲಿನಲ್ಲಿ ಜಿಂಕೆಯ ಹಿಂದೆ ಬೆಳಗಿನಿಂದ ಮಧ್ಯಾಹ್ನದವರೆಗೆ ಹೊಟ್ಟೆಯ ಮೇಲೆ ತೆವಳುತ್ತಿದ್ದರಂತೆ. ದೂರದಿಂದ ಹೊಡೆಯುವ ಕೋವಿ ಇದಲ್ಲ. ತೋಟೆಯನ್ನು ಮೊದಲೇ ತುಂಬಿಕೊಳ್ಳಬೇಕು, ಹತ್ತಿರ ಹೋಗಿ ಲಿವರ್ ಎಳೆದರೆ ಆ ಸದ್ದಿಗೇ ಜಿಂಕೆ ಮಾಯ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಅದು ಮೇಯುತ್ತಿದೆಯೋ, ಕಿವಿ ಎತ್ತಿದೆಯೋ, ಎಲ್ಲ ನೋಡಬೇಕು. ತಪ್ಪಿದರೆ ಮನೆಗೆ ನಡೆ. ಹೆಚ್ಚಿನ ದಿನ ಮನೆಗೆ ನಡೆಯುವುದೇ ಆಗುತ್ತಿತ್ತು ಎಂದರು ಅಜ್ಜ.

"ಅದೇ, ಅದೇ!" ಎಂದು ಮಾವ ಎದ್ದೇ ಬಿಟ್ಟರು. ರತ್ನಗಂಬಳಿಯ ಮೇಲೆ ಮೊಣಕೈ ಊರಿ ತೆವಳಿ ತೋರಿಸಿದರು. ನಡುವೆ ನಿಂತರು, ಕಿವಿ ನಿಮಿರಿಸಿ ತಾವೇ ಜಿಂಕೆಯಾದರು, ಮತ್ತೆ ಬೇಟೆಗಾರನಾದರು. ಎಪ್ಪತ್ತು ದಾಟಿದ ಮನುಷ್ಯ! ಮಜಲಿಸ್‌ಗೆ ಮಜಲಿಸ್ಸೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನಾನೂ ನಕ್ಕೆ. ಜೊತೆಗೆ, ಇಷ್ಟು ವರ್ಷ ಜಗಳವಾಡಿದ್ದ ವಿಷಯ ಅವತ್ತು ನನಗೆ ಸ್ವಲ್ಪ ಹತ್ತಿರವಾಯಿತು. ಕೊಲ್ಲುವುದು ಆ ದಿನದ ಕೊನೆಯ ಒಂದು ಗಳಿಗೆ. ಉಳಿದದ್ದೆಲ್ಲ ಇನ್ನೊಂದು ಪ್ರಾಣಿಯನ್ನು ಉಸಿರು ಬಿಗಿಹಿಡಿದು ನೋಡುವುದು. ಹಾಗಂತ ನಾನು ಮಾವನಿಗೆ ಹೇಳಲಿಲ್ಲ, ತಲೆ ಮೇಲೆ ಕೂತುಬಿಡುತ್ತಾರೆ.

ಸಂಜೆಗೆ ಮುಂಚೆ ಹೊರಟೆವು. ಗಂಡ ಕಾರು ತರಲು ಹೋದರು, ನಾನು ಹೆಂಗಸರಿಗೆ ಹೇಳಿ ಬರಲು ಒಳಗೆ ಹೋದೆ. ಅಷ್ಟರಲ್ಲೇ ಆಗಿದ್ದು ಅನಾಹುತ. ಹತ್ತು ನಿಮಿಷ ಹೋದ ಮೇಲೆ ಕಾರು ಒಂದು ಹಂಪ್ ಹಾರಿತು. ಹಿಂದಿನ ಸೀಟಿನಿಂದ ಮಾವ, "ಸ್ವಲ್ಪ ನಿಧಾನ ಮಾರಾಯ, ಕೋವಿ ಉಂಟು" ಎಂದರು.

ಗಂಡ ಬ್ರೇಕ್ ಹಾಕಿದ ರಭಸಕ್ಕೆ ನನ್ನ ತೊಡೆಯ ಮೇಲಿದ್ದ ಹಲ್ವಾ ಡಬ್ಬಿ ಹಾರಿ ಕಾಲ ಬಳಿ ಬಿತ್ತು. ತಿರುಗಿ ನೋಡಿದರೆ, ಶಾಲು ಹೊದ್ದು ಮಗುವಿನ ಹಾಗೆ ಮಾವನ ಪಕ್ಕ ಮಲಗಿದೆ, ಅಜ್ಜನ ಕೋವಿ!

"ಅಯ್ಯೋ ಶಿವನೇ! ಏನ್ ಮಾವ ಇದು?"

"ಎಂತ ಏನು? ಚಂದ ಉಂಟು, ಚಂದ ಉಂಟು ಅಂತ ನಾನು ಹೇಳಿದೆ. ತುಮ್ಹಾರಾ, ನಿಮ್ಮದೇ ಅಂತ ಎರಡು ಕೈಯಲ್ಲಿ ಕೊಟ್ಟರು. ಹಿರಿಯರು ಎರಡು ಕೈಯಲ್ಲಿ ಕೊಟ್ಟದ್ದನ್ನು ಬೇಡ ಅನ್ನುವುದಾ? ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡೆ."

ಗಂಡ ಇಳಿದು ಕೋವಿ ಖಾಲಿಯಿದೆಯೇ ಎಂದು ನೋಡಿ, ಹಣೆ ಹಿಡಿದುಕೊಂಡು ರಸ್ತೆ ಬದಿಯಲ್ಲಿ ನಿಂತರು. ಪರದೇಶದವರ ಕಾರಿನಲ್ಲಿ ಇನ್ನೊಬ್ಬರ ಲೈಸೆನ್ಸಿನ ಕೋವಿ! ಪೊಲೀಸರು ಕಂಡರೆ ಖಲಾಸ್. ಅಷ್ಟರಲ್ಲಿ ನನ್ನ ಗೆಳತಿಯ ಫೋನು.

"ಕೋವಿ ನಿಮ್ಮ ಹತ್ರ ಇದೆಯಲ್ಲಾ?" ಎಂದಳು. ನಗಲು ಹೊರಟು ನಿಂತ ಧ್ವನಿ. "ನಮ್ಮಲ್ಲಿ ಅತಿಥಿ ಏನನ್ನಾದ್ರೂ ಹೊಗಳಿದ್ರೆ 'ನಿಮ್ಮದೇ' ಅಂತೀವಿ. ಅತಿಥಿ ಬೇಡ ಬೇಡ ಅಂತಾರೆ. ಇವತ್ತಿನವರೆಗೆ ಯಾರೂ ತಗೊಂಡು ಹೋಗಿಲ್ಲ! ವಾಪಸ್ ತಂದ್ರೂ ಅಜ್ಜ ಮುಟ್ಟೋದಿಲ್ಲ. ಕೊಟ್ಟಿದ್ದು ಕೊಟ್ಟಾಯ್ತು, ನನ್ನ ಮರ್ಯಾದೆ ಕಳೀಬೇಡಿ ಅಂತ ನಮ್ಮನ್ನೇ ಗದರಿದ್ರು. ಆದ್ರೆ ಅದು ಅವರಪ್ಪ ಅವರ ಕೈಗೆ ಕೊಟ್ಟ ಕೋವಿ. ಊಟ ಬೇಡ ಅಂತ ಗೋಡೆ ಕಡೆ ತಿರುಗಿ ಕೂತಿದ್ದಾರೆ."

ಇದನ್ನು ಮಾವನಿಗೆ ಯಾರು ಹೇಳುವುದು? ಗಂಡನ ಮುಖ ನೋಡಿದೆ. "ನೀನೇ ಹೇಳು, ನಿನ್ನ ಬಾಯಿ ಗಟ್ಟಿ" ಎಂದರು ಮಹಾನುಭಾವರು. ಹೇಳಿದೆ. ಮಾವನ ಕೈ ಆ ಲಿವರಿನ ಮೇಲೆಯೇ ಇತ್ತು. ಕೇಳುತ್ತಾ ಕೇಳುತ್ತಾ ಕೈಯನ್ನು ನಿಧಾನವಾಗಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಅಪ್ಪನದ್ದಾ?" ಎಂದರು.

"ಹೂಂ ಮಾವ."

"ಹಾಗಾದರೆ ಇದು ಇಲ್ಲಿ ಇರಬಾರದು." ಕೋವಿಯ ಮೇಲಿಂದ ಜಾರಿದ್ದ ಶಾಲನ್ನು ಸರಿಮಾಡಿದರು. "ಆದರೆ ಬರೀ ಕೈಯಲ್ಲಿ ಹೋದರೆ ತೆಗೆದುಕೊಳ್ಳುವುದಿಲ್ಲ ಅಲ್ಲವಾ? ಒಂದು ಕೆಲಸ ಮಾಡು. ಕೋಳಿ ಎಲ್ಲಿ ಸಿಗುತ್ತದೆ?"

ಇವರಿಗೆ ತಲೆ ಕೆಟ್ಟಿತು ಅಂದುಕೊಂಡೆ. ಆಮೇಲೆ ವಿವರಿಸಿದರು. ಅವರ ಊರಿನಲ್ಲಿ ಬೇಟೆಗೆ ನೆರೆಯವನ ಕೋವಿ ತೆಗೆದುಕೊಂಡು ಹೋದರೆ, ಮಾಂಸದಲ್ಲಿ ಕೋವಿಗೂ ಒಂದು ಪಾಲು. ಕೋವಿಯನ್ನೂ ಪಾಲನ್ನೂ ಒಟ್ಟಿಗೆ ಒಪ್ಪಿಸಬೇಕು. ಕೊಟ್ಟವನು ಅದನ್ನು ಬೇಡ ಅನ್ನುವ ಹಾಗಿಲ್ಲ. ಬೇಡ ಅಂದರೆ ಬೇಟೆಗೇ ಅವಮಾನ.

ರಸ್ತೆ ಬದಿಯಲ್ಲಿ ಮಲಯಾಳಿಯೊಬ್ಬನ ಕೋಲ್ಡ್ ಸ್ಟೋರ್ ಅಂಗಡಿ ಇತ್ತು. ಅಲ್ಲಿದ್ದದ್ದು ಕಲ್ಲಿನಂತೆ ಹೆಪ್ಪುಗಟ್ಟಿದ ಕೋಳಿ ಕಾಲಿನ ಪ್ಯಾಕೆಟ್ಟು. ಜನ್ಮದಲ್ಲಿ ಕೋಳಿ ಮುಟ್ಟದ ನಾನು ಅದನ್ನು ಸೆರಗಿನಲ್ಲಿ ಹಿಡಿದು ತಂದೆ. ನಾವು ಹೊಡೆದು ತಂದ ಶಿಕಾರಿ ಇದು!

ಕಾರು ವಾಪಸ್ ಬಂದದ್ದು ಕಂಡು ಅಜ್ಜ ಬಾಗಿಲಿಗೆ ಬಂದರು. ಕೋವಿ ಕಂಡದ್ದೇ ಮುಖ ಗಂಟಿಕ್ಕಿತು. ಕೈ ಹಿಂದೆ ಕಟ್ಟಿಕೊಂಡರು. ಮಾವ ಚಪ್ಪಲಿ ಬಿಟ್ಟು, ಎಡಗೈಯಲ್ಲಿ ಕೋವಿ, ಬಲಗೈಯಲ್ಲಿ ನೀರು ತೊಟ್ಟಿಕ್ಕುವ ಪ್ಯಾಕೆಟ್ಟು ಹಿಡಿದು ಎದುರು ನಿಂತರು.

"ಶಿಕಾರ್ ಖತಂ" ಎಂದರು. "ಯೇ ಬಂದೂಕ್. ಯೇ ಬಂದೂಕ್ ಕಾ ಹಿಸ್ಸಾ. ಹಮಾರಾ ರಿವಾಜ್."

ಉಳಿದದ್ದನ್ನು ನಾನು ಹೇಳಿದೆ. ಅತಿಥಿಯ ಊರಿನ ಪದ್ಧತಿ ಇದು, ಪಾಲನ್ನು ಬಿಟ್ಟರೆ ಇವರಿಗೆ ಕೆಟ್ಟದಾಗುತ್ತದೆ ಎಂದು ಒಂದು ಮಾತು ನನ್ನ ಕಡೆಯಿಂದಲೂ ಸೇರಿಸಿದೆ. ಅಜ್ಜ ಪ್ಯಾಕೆಟ್ಟನ್ನೇ ನೋಡಿದರು. ಅವರ ಮರ್ಯಾದೆಗೂ ನಮ್ಮ ಮರ್ಯಾದೆಗೂ ನಡುವೆ ಆ ಕೋಳಿ ಕಾಲುಗಳು ತೂಗುತ್ತಿದ್ದವು. ಕೊನೆಗೆ ಕೈ ಮುಂದೆ ಬಂತು. ಮೊದಲು ಕೋಳಿ ತೆಗೆದುಕೊಂಡು ಮೊಮ್ಮಗಳಿಗೆ ಕೊಟ್ಟರು. ಆಮೇಲೆ ಕೋವಿ. ಅದರ ಮರದ ಹಿಡಿಯನ್ನು ಕೆನ್ನೆಗೆ ಒತ್ತಿಕೊಂಡರು. ಕಣ್ಣಲ್ಲಿ ನೀರು, ಮುಚ್ಚಿಡಲೂ ಇಲ್ಲ.

"ಇದು ಹೋದ ಮೇಲೆ ನನಗೆ ಎಲ್ಲಿ ಕೂರಬೇಕು ಅಂತಲೇ ತಿಳಿಯಲಿಲ್ಲ" ಎಂದರು ಅಜ್ಜ. ಮಾವನಿಗೆ ಕನ್ನಡದಲ್ಲಿ ಹೇಳಿದೆ.

ಮಾವ ನಗುತ್ತಲೇ ಇದ್ದರು. "ಇವರಿಗೆ ಹೇಳು ಮಗಾ. ನಾನು ನನ್ನದನ್ನು ಸ್ಟೇಷನ್ನಿನಲ್ಲಿ ಕೊಟ್ಟು ಬಂದ ದಿನ, ಹಿಂದಿನಿಂದ ಯಾರಾದರೂ ವಾಪಸ್ ತರುತ್ತಾರಾ ಅಂತ ಗೇಟಿನ ಹತ್ತಿರ ನಿಂತಿದ್ದೆ. ಯಾರೂ ಬರಲಿಲ್ಲ. ಇವರಿಗೆ ನಾವು ಬಂದೆವಲ್ಲ, ಅದೇ ಸಂತೋಷ ಅಂತ ಹೇಳು."

ನಾನು ಹಿಂದಿಯಲ್ಲಿ ಹೇಳತೊಡಗಿದೆ. ಗೇಟಿನ ಮಾತಿನವರೆಗೆ ಬಂದಿದ್ದೆ, ಅಷ್ಟೇ. ಉಳಿದರ್ಧ ಅಜ್ಜನಿಗೆ ಬೇಕಾಗಲಿಲ್ಲ. ಕೋವಿಯನ್ನು ಮಾವನ ಭುಜಕ್ಕೇ ಹಾಕಿ, ಕೈ ಹಿಡಿದುಕೊಂಡು ಒಳಗೆ ಕರೆದೊಯ್ದರು. ಗೋಡೆಯ ಮೊಳೆ ತೋರಿಸಿ, "ನೀವೇ ತೂಗುಹಾಕಿ" ಎಂದರು.