ಸೇತುವೆಯ ಮೇಲಿದ್ದ ಇಬ್ಬರು

ಹೊಸಹಳ್ಳಿಯ ಓಬಳೇಶ ಇಪ್ಪತ್ತು ವರ್ಷ ಸೇನೆಯಲ್ಲಿದ್ದು, ಊರಿಗೆ ಬಂದು ಹಿಟ್ಟಿನ ಗಿರಣಿ ಹಾಕಿಕೊಂಡಿದ್ದ. ನೌಕರಿಯ ಕೊನೆಯ ವರ್ಷ, ಎರಡು ಸಾವಿರದ ಇಸವಿಯಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಆಫ್ರಿಕಾದ ಒಂದು ದೇಶಕ್ಕೆ ಹೋಗಿದ್ದ. ಅಲ್ಲಿ ಕನ್ನಡದಲ್ಲಿ ಮಾತಾಡಲು ಅವನಿಗೆ ಸಿಕ್ಕವನು ಕೊಟ್ಟೂರಿನ ಗುರುಬಸವರಾಜ ಒಬ್ಬನೇ. ಇಬ್ಬರದೂ ಒಂದೇ ಡೇರೆ. ಮನೆಯಿಂದ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಂಚಿಕೊಂಡು ಆರು ತಿಂಗಳು ಉಂಡಿದ್ದರು.

ಒಂದು ದಿನ ಓಬಳೇಶ ಮಲೇರಿಯಾ ಬಂದು, ಕಾಯಿಲೆಯವರ ಪಟ್ಟಿಯಲ್ಲಿ ಹೆಸರು ಬರೆಸಿ ಮಲಗಿದ್ದ. ಗುರುಬಸವರಾಜನಿಗೆ ಸೇತುವೆಯ ಕಾವಲು. ಜೋಡಿಗಿದ್ದವನನ್ನು ಬೇರೆ ಕಡೆ ಕಳಿಸಿದ್ದರು.

"ಒಬ್ಬನ ಕುಂದ್ರಾಕ ಜೀವ ಹಾರತೈತಿ, ಬಾರಲೇ" ಎಂದು ಅವನು ಓಬಳೇಶನನ್ನು ಕರೆದ.

ಓಬಳೇಶ ಕಂಬಳಿ ಹೊದ್ದುಕೊಂಡೇ ಹೋದ.

ಮಧ್ಯಾಹ್ನ ಮೂರು ಲಾರಿಗಳು ಬಂದವು. ಮುಂದೆ ಜೀಪಿನಲ್ಲಿ ಬಂಡುಕೋರರ ದಂಡನಾಯಕ. ಲಾರಿಗಳಲ್ಲಿ ಕೈ ಕಟ್ಟಿದ ಹಳ್ಳಿಯ ಜನ. ಹಸಿರು ಬಟ್ಟೆ ತಲೆಗೆ ಸುತ್ತಿದ್ದ ಒಬ್ಬ ಹೆಂಗಸು ಓಬಳೇಶನ ಕಡೆ ತಿರುಗಿ ಏನೋ ಕೂಗಿದಳು. ಏನು ಮಾಡಲೆಂದು ಗುರುಬಸವರಾಜ ವೈರ್‌ಲೆಸ್ಸಿನಲ್ಲಿ ಮೇಲಿನವರನ್ನು ಕೇಳಿದ, ಉತ್ತರ ಬರಲಿಲ್ಲ. ಬಂಡುಕೋರರು ಅವನ ಎದೆಗೆ ಬಂದೂಕು ಹಿಡಿದರು. ಅವನು ದಾರಿ ತಡೆದಿದ್ದ ಅಡ್ಡಗಂಬ ಎತ್ತಿದ. ಓಬಳೇಶನೂ ಬೇಡವೆನ್ನಲಿಲ್ಲ. ಸಂಜೆ ಲಾರಿಗಳು ಖಾಲಿ ವಾಪಸು ಬಂದವು.

ಮೂರು ವರ್ಷದ ಮೇಲೆ ಅಲ್ಲಿನ ಯುದ್ಧಾಪರಾಧಗಳ ವಿಚಾರಣೆಗೆಂದು ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಶುರುವಾಯಿತು. ಅದರ ಕಡೆಯ ವಕೀಲೆಯೊಬ್ಬಳು ಕೂಡ್ಲಿಗಿಯ ಪ್ರವಾಸಿ ಮಂದಿರಕ್ಕೆ ಬಂದು ಓಬಳೇಶನನ್ನು ಕರೆಸಿದಳು. ಎರಡನೇ ಮಹಾಯುದ್ಧ ಮುಗಿದಾಗ ಗೆದ್ದ ದೇಶಗಳು ಸೋತವರನ್ನು ಕಟಕಟೆಗೆ ಹತ್ತಿಸಿದ್ದವು, ಆಮೇಲೆ ಐವತ್ತು ವರ್ಷ ಅಂಥದ್ದೇನೂ ನಡೆಯಲಿಲ್ಲ, ಈಗ ಹಲವು ದೇಶಗಳು ಸೇರಿ ಇಂಥ ಕೋರ್ಟುಗಳನ್ನು ಕಟ್ಟುತ್ತಿವೆ ಎಂದು ಹಿಂದಿಯಲ್ಲಿ ತಿಳಿಸಿ ಹೇಳಿದಳು. "ಆದರೆ ನಮಗೆ ಪೊಲೀಸರಿಲ್ಲ. ಸಾಕ್ಷಿಗಳೇ ನಮ್ಮ ಬಲ. ಸೇತುವೆಯ ಮೇಲೆ ಕಂಡದ್ದನ್ನು ನೀವು ಬಂದು ಹೇಳಬೇಕು" ಎಂದಳು.

ಓಬಳೇಶ ಅಂದೇ ಕೊಟ್ಟೂರಿಗೆ ಹೋದ. ಗುರುಬಸವರಾಜ ಅವನ ಕೈ ಹಿಡಿದು, "ಇಬ್ರೂ ಹೇಳೂಣು. ನೀ ಮುಂದ ನಡಿ, ನಾ ಹಿಂದ ಬರ್ತೀನಿ" ಎಂದ.

ಓಬಳೇಶ ವಿಮಾನ ಹತ್ತಿದ. ಗುರುತು ಸಿಗದಂತೆ ಪರದೆಯ ಹಿಂದೆ ಕೂತು ಕಂಡದ್ದನ್ನೆಲ್ಲ ಹೇಳಿದ. ಅಡ್ಡಗಂಬ ಎತ್ತಿದ್ದು ಯಾರೆಂದು ಕೇಳಿದಾಗ ಮಾತ್ರ, "ಗಲಾಟೆಯಲ್ಲಿ ನೆನಪಿಲ್ಲ" ಎಂದ. ಆಗ ಆರೋಪಿ ದಂಡನಾಯಕನ ವಕೀಲ ಎದ್ದು ನಿಂತ.

"ಅವತ್ತು ನೀವು ಸೇತುವೆಯ ಮೇಲಿರಲೇ ಇಲ್ಲ. ಜ್ವರ ಬಂದು ಡೇರೆಯಲ್ಲಿ ಮಲಗಿದ್ದಿರಿ. ಹೌದೋ ಅಲ್ಲವೋ?"

ಜ್ವರವಿದ್ದರೂ ಸೇತುವೆಯ ಮೇಲಿದ್ದೆ ಎಂದ ಓಬಳೇಶ. ಕಾಯಿಲೆಯವರ ಪಟ್ಟಿಯಲ್ಲಿ ಅವನ ಹೆಸರಿತ್ತು, ನಿಜ. ಆದರೆ ಆ ಪಟ್ಟಿ ಹುಡುಕಿರೆಂದು ಇವರಿಗೆ ಹೇಳಿದ್ದು ಯಾರು? ವಕೀಲರ ಚಾಲಾಕಿ ಇರಬೇಕು ಎಂದುಕೊಂಡ. ಊರಿಗೆ ಬಂದ ಮೇಲೂ ವರ್ಷಗಟ್ಟಲೆ ಹಾಗೆಯೇ ನಂಬಿಕೊಂಡಿದ್ದ.

ತೀರ್ಪಿನ ಪ್ರತಿ ಬಂದಾಗ ಕೂಡ್ಲಿಗಿಯ ವಕೀಲರೊಬ್ಬರು ಓದಿ ಹೇಳಿದರು. ದಂಡನಾಯಕನಿಗೆ ಬೇರೆ ಅಪರಾಧಗಳಿಗೆ ಶಿಕ್ಷೆಯಾಗಿತ್ತು. ಸೇತುವೆಯ ಆರೋಪ ಮಾತ್ರ ಬಿದ್ದುಹೋಗಿತ್ತು. ಸಾಕ್ಷಿ ಅಂದು ಅಲ್ಲಿರಲಿಲ್ಲವೆಂದು ಅವನ ಜೊತೆಗಾರನೇ ಬರೆದುಕೊಟ್ಟಿದ್ದ; ಕಂಬ ಎತ್ತಿದವರು ಯಾರೆಂಬುದೂ ಸಾಕ್ಷಿಗೆ ನೆನಪಿಲ್ಲ; ಇವನ ಮಾತನ್ನು ನಂಬಲಾಗದು ಎಂದಿತ್ತು.

"ಇನ್ನೊಮ್ಮೆ ಓದ್ರಿ" ಎಂದ ಓಬಳೇಶ. ಅವರು ಇನ್ನೊಮ್ಮೆ ಓದಿದರು.

ಕೊಟ್ಟೂರಿನಲ್ಲಿ ಗುರುಬಸವರಾಜ ತನ್ನ ಸೈಕಲ್ ಅಂಗಡಿಯಲ್ಲಿ ಕೂತು ಗಾಲಿಯ ಕಡ್ಡಿ ಬಿಗಿಯುತ್ತಿದ್ದ. ಓಬಳೇಶನನ್ನು ಕಂಡೊಡನೆ ಬಂದದ್ದು ಏಕೆಂದು ಅವನಿಗೆ ತಿಳಿಯಿತು.

"ನೀ ನೋಡಿದವ ಅಷ್ಟ. ಕಂಬ ಎತ್ತಿದವ ನಾನು" ಎಂದ, ತಲೆ ಎತ್ತದೆ. "ಬಂದು ಹೇಳಿದ್ರ ನನ್ನೂ ಅದ ಕಟಕಟಿಯಾಗ ನಿಲ್ಲಿಸ್ತಿದ್ರು."

"ನಾ ನಿನ್ನ ಹೆಸರು ಹೇಳಲಿಲ್ಲಲೇ. ನಿನ್ನ ಸಲುವಾಗಿ ಆಣಿ ಮಾಡಿ ಕುಂತ ಜಾಗದಾಗ ಸುಳ್ಳು ಹೇಳೀನಿ. ಆ ಸುಳ್ಳ ನನ್ನ ಮುಳುಗಿಸ್ತು."

ಗುರುಬಸವರಾಜನ ಕೈ ನಿಂತಿತು.

"ನಾ ಇರಲಿಲ್ಲ ಅಂದಿ, ಹೋಗಲಿ" ಎಂದ ಓಬಳೇಶ. "ಆ ಹಸಿರು ಬಟ್ಟಿ ಹೆಂಗಸಾದ್ರೂ ಇದ್ದಳೋ ಇಲ್ಲೋ? ಅದನ್ನಷ್ಟು ನಿನ್ನ ಬಾಯಿಲೆ ಹೇಳಿಬಿಡು."

ಗುರುಬಸವರಾಜ ಒಳಗಿದ್ದ ಹೆಂಡತಿಯನ್ನು ಕೂಗಿದ. "ಕೊಟ್ರಮ್ಮಾ, ಓಬಳೇಶ ಬಂದಾನ, ಚಾ ಇಡು."

ಓಬಳೇಶ ಕೂರಲಿಲ್ಲ. ಸಂಜೆಯ ಬಸ್ಸಿಗೆ ಊರಿಗೆ ಬಂದ. ಹೆಂಡತಿ ಹೊನ್ನೂರಮ್ಮ ಬಾಗಿಲಲ್ಲೇ ನಿಂತಿದ್ದಳು.

"ಏನಂದಾ?"

"ಚಾ ಕುಡಿ ಅಂದ" ಎಂದು ಓಬಳೇಶ ಚಪ್ಪಲಿ ಬಿಟ್ಟು ಒಳಗೆ ಹೋದ.