ಗದ್ದದ ಕೆಳಗಿನ ಗೆರೆ

ಮಾಸ್ತರರ ಬಲಗೈ ಕಿರುಬೆರಳು ಸೊಟ್ಟಗಿತ್ತು. ಹಾಗಾಗಿ ಅವರ ಗೇಣು ಬೇರೆಯವರ ಗೇಣಿಗಿಂತ ಎರಡು ಬೆರಳು ಕಡಿಮೆ. ಆದರೂ ಅವರು ಅಳತೆಪಟ್ಟಿ ಮುಟ್ಟುತ್ತಿರಲಿಲ್ಲ. ಗೇಣು ಹಾಕುವುದು, ಎರಡು ಬೆರಳು ಸೇರಿಸುವುದು, ಮುಂದಕ್ಕೆ ಹೋಗುವುದು.

ನಿಮ್ಮ ಅಜ್ಜ ತೀರಿಕೊಂಡ ವರ್ಷ ನಾನು ನಮ್ಮೂರ ಶಾಲೆಗೆ ಬಿಸಿಯೂಟದ ಅಡುಗೆಗೆ ಸೇರಿದೆ. ಹಿಟ್ನಾಳದಿಂದ ಬರುತ್ತಿದ್ದ ಈ ಮಾಸ್ತರರು ಅಡುಗೆಕೋಣೆಯ ಹೊರಗೋಡೆಯ ಮೇಲೆ ಆರು ಜಾತಿಯ ಪೆಂಗ್ವಿನ್‌ಗಳನ್ನು ನಿಜವಾದ ಎತ್ತರಕ್ಕೇ ಬರೆದಿದ್ದರು. ಚಕ್ರವರ್ತಿ ಪೆಂಗ್ವಿನ್ ಐದು ಗೇಣು. ಪುಟ್ಟ ನೀಲಿಯದು ಒಂದೂವರೆ ಗೇಣು, ನಮ್ಮ ಸಣ್ಣ ಕೊಡದಷ್ಟೇ.

ನನ್ನ ಜೊತೆ ಅಡುಗೆ ಮಾಡುತ್ತಿದ್ದ ಹಿರಿಯಕ್ಕನಿಗೆ ನಗು. "ಏನ್ರಿ ಮಾಸ್ತರ, ಎಲ್ಲಾ ಕರೀ ಕೋಟಿನ ವಕೀಲರಂಗ ಅದಾವು. ಒಂದು ಬರದಿದ್ರ ಸಾಕಾಗ್ತಿರಲಿಲ್ಲೇನು?"

"ದೂರ ನಿಂತ್ರ ಎಲ್ಲಾ ಒಂದರಂಗ ಕಾಣ್ತಾವು ಬಿಡವಾ. ಹತ್ರ ಬಂದು ನೋಡು."

ನನಗೆ ನೋಡುವ ಆಸೆಯಿತ್ತು. ಆದರೆ ಬರಿಹಣೆ, ಬರಿಗೊರಳಿನಲ್ಲಿ ಎಲ್ಲರೆದುರು ನಿಲ್ಲಲು ಆಗುತ್ತಿರಲಿಲ್ಲ. ಮಕ್ಕಳಿಗೆ ಬಡಿಸಲೂ ಹೊರಗೆ ಬಾರದೆ ಬಾಗಿಲ ಹಿಂದೆಯೇ ಇರುತ್ತಿದ್ದೆ.

ಮಹಾನವಮಿಗೆ ಒಲೆಯಿರುವ ಮನೆಗೆ ಸುಣ್ಣ ಹಚ್ಚದೆ ಬಿಡುವುದು ನಮ್ಮ ಕಡೆ ಇಲ್ಲ. ರಜೆಯಲ್ಲಿ ಒಬ್ಬಳೇ ಹೋಗಿ ಹಚ್ಚಿದೆ, ಹಕ್ಕಿಗಳಿಗೆ ತಾಗದ ಹಾಗೆ. ಒಂದರ ಗದ್ದದ ಕೆಳಗೆ ಮಾತ್ರ ಈ ಕಿವಿಯಿಂದ ಆ ಕಿವಿಯವರೆಗೆ ಸಣ್ಣ ಕರಿ ಗೆರೆಯಿತ್ತು. ಒಲೆಯ ಮಸಿ ಇಳಿದಿದೆ ಎಂದುಕೊಂಡು ಅದರ ಮೇಲೂ ಸುಣ್ಣ ಎಳೆದುಬಿಟ್ಟೆ. ಹಕ್ಕಿಯ ಮುಖ ಸ್ವಚ್ಛವಾಯಿತೆಂದು ಸಮಾಧಾನವೂ ಆಯಿತು.

ಶಾಲೆ ತೆರೆದ ದಿನ ಹೊರಗೆ ಮಾಸ್ತರರ ದನಿ: "ಯಾರು ಒರಸಿದ್ರಿ ಇದನ್ನ?"

ಕೆಲಸ ಹೋಯಿತೆಂದೇ ತಿಳಿದೆ. "ನಾನ್ರಿ," ಎಂದೆ ಒಳಗಿನಿಂದಲೇ. "ಮಸಿ ಅಂತ ತಿಳಿದಿದ್ನಿರಿ."

"ಮಸಿ ಅಲ್ಲ ತಂಗಿ, ಅದರ ಗುರುತು."

ಹಿರಿಯಕ್ಕ ಬಿಡಲಿಲ್ಲ. "ಹಂಗಾರ ಈಗ ಅದು ಯಾವ ಹಕ್ಕಿ ಆತ್ರಿ?"

"ಅದ ಹಕ್ಕಿ. ಗುರುತು ಅಳಿಸಿದ್ರ ಹಕ್ಕಿ ಬದಲಾಗ್ತೈತೇನು? ಗುರುತು ಹಿಡಿಯೋದು ನಮಗ ಕಷ್ಟ ಆಗ್ತೈತಿ, ಅಷ್ಟ. ಬಾರವಾ ತಂಗಿ, ನೀನ ಗೆರಿ ಎಳಿ ಬಾ."

ಗುರುತಿನ ಮಾತು ಅವರು ಹಕ್ಕಿಯ ಬಗ್ಗೆಯೇ ಹೇಳಿದ್ದು. ನಾನು ನನ್ನ ಕೊರಳು ಮುಟ್ಟಿಕೊಂಡೆ. ಆಮೇಲೆ ಹೊಸ್ತಿಲು ದಾಟಿದೆ.

ಕುಂಚ ಕೊಡುವ ಮೊದಲು ಅವರು ಉಳಿದವನ್ನು ತೋರಿಸಿದರು. ಅಡೇಲಿಯ ಮುಖವೆಲ್ಲ ಕಪ್ಪು, ಕಣ್ಣಿನ ಸುತ್ತ ಬಿಳಿ ಬಳೆ. ಗೂಡಿಗೆ ಪಕ್ಕದವರ ಕಲ್ಲು ಕದಿಯುತ್ತದೆ. ಜೆಂಟೂವಿನ ತಲೆಯ ಮೇಲೆ ಬಿಳಿ ಪಟ್ಟಿ. ಈಜುವುದರಲ್ಲಿ ಅದನ್ನು ಮೀರಿಸುವ ಹಕ್ಕಿಯಿಲ್ಲ. ಗಲಾಪಗಸ್ ದ್ವೀಪದ್ದು ಹಿಮವನ್ನೇ ಕಾಣದ್ದು, ನಮ್ಮ ಹಾಗೆ ಬಿಸಿಲಲ್ಲಿ ಬಾಳುವಂಥದ್ದು. ಚಕ್ರವರ್ತಿಯಲ್ಲಿ ಹೆಣ್ಣು ಸಮುದ್ರಕ್ಕೆ ಹೋದರೆ ಗಂಡು ಎರಡು ತಿಂಗಳು ಏನೂ ತಿನ್ನದೆ ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ಕಾಯುತ್ತದೆ.

"ನಮ್ಮನಿಯವ್ರು ಎರಡು ತಾಸು ಹಸಿವಿ ತಡಕೊಳ್ಳಂಗಿಲ್ಲ!" ಎಂದಳು ಹಿರಿಯಕ್ಕ. ಎಷ್ಟೋ ತಿಂಗಳ ಮೇಲೆ ನಾನು ಸದ್ದು ಮಾಡಿ ನಕ್ಕೆ.

ಗೆರೆ ಎಳೆದೆ. ಅಂದು ಮಕ್ಕಳಿಗೆ ನಾನೇ ಬಡಿಸಿದೆ. ಮುಂದೆ ಯಾರಾದರೂ ಗೋಡೆ ನೋಡಲು ಬಂದರೆ ಮಾಸ್ತರರು, "ನಮ್ಮ ತಂಗಿನ್ನ ಕೇಳ್ರಿ, ಆರೂ ಹೇಳ್ತಾಳ," ಎಂದು ಪಕ್ಕಕ್ಕೆ ಸರಿಯುತ್ತಿದ್ದರು. ಮೊದಮೊದಲು ನಡುವೆ ಹೆಸರು ಮರೆಯುತ್ತಿದ್ದೆ. ಅವರು ಕಾಯುತ್ತಿದ್ದರು, ನಡುವೆ ಒಂದು ಮಾತೂ ಸೇರಿಸುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನಾನು ಕೆಲಸ ಬಿಟ್ಟೂ ವರ್ಷಗಳಾದವು. ಆದರೂ ಮಹಾನವಮಿಯ ಸುಣ್ಣದ ದಿನ ಹೋಗಿ ಆ ಗೆರೆಯನ್ನು ನಾನೇ ತೀಡಿ ಬರುತ್ತೇನೆ. ಈ ಸಲ ಗೆರೆ ತುಸು ಸೊಟ್ಟಗಾಗಿದೆ, ಅವರ ಕಿರುಬೆರಳಿನ ಹಾಗೆ. ತಿದ್ದಲಿಲ್ಲ. ನೀವೂ ತಿದ್ದಬೇಡಿ.