ಕಾಸಿಲ್ದಾ ಹಾಕಿದ ಕಲ್ಲುಗಳು

ನಕಾಶೆಯ ಪ್ರಕಾರ ಅಲ್ಲಿ ಒಣ ಹುಲ್ಲುಗಾವಲು ಇರಬೇಕಿತ್ತು. ಅರ್ಜೆಂಟೀನಾಕ್ಕೂ ಚಿಲಿಗೂ ಗಡಿ ತೀರ್ಮಾನಿಸಲು ಬಂದ ಆಯೋಗದ ಗುಮಾಸ್ತ ಎವರಿಸ್ತೊ ನಕಾಶೆ ನಂಬಿ ಹೇಸರಗತ್ತೆಯನ್ನು ಮುಂದಕ್ಕೆ ಹೊಡೆದ. ಕತ್ತೆಗೆ ಬುದ್ಧಿಯಿತ್ತು, ನಿಂತಿತು. ಎವರಿಸ್ತೊ ನಿಲ್ಲಲಿಲ್ಲ. ಮೂವರು ಪಂಚರ ಕಣ್ಣೆದುರೇ, ಮೊಹರಿನ ಪೆಟ್ಟಿಗೆ ಸಮೇತ ಹಳ್ಳದಲ್ಲಿ ಕುಳಿತ.

ಅವನ ಪ್ಯಾಂಟನ್ನು ಒಲೆ ಮುಂದೆ ಒಣಹಾಕಿದವಳು ಕುರಿ ಸಾಕಿಕೊಂಡಿದ್ದ ವಿಧವೆ ಕಾಸಿಲ್ದಾ. ಅವಳ ಸತ್ತ ಗಂಡನ ಕಂಬಳಿ ಸುತ್ತಿಕೊಂಡು, ಸೋರೆಬುರುಡೆಯಿಂದ ಕಹಿ ಕಷಾಯ ಹೀರುತ್ತ ಅವನು ಕತೆ ಕೇಳಿದ.

ಒಂಬತ್ತು ವರ್ಷದ ಹಿಂದೆ, ಗಂಡ ಸತ್ತ ವಾರವೇ, ಪಕ್ಕದ ಮನೆಯ ಮೈದುನ ಸಂದಾಲಿಯೊ ಅವಳ ಹುಲ್ಲುಗಾವಲಿಗೆ ದನ ನುಗ್ಗಿಸಿ, ಅಲ್ಲೇ ಕೊಟ್ಟಿಗೆಯನ್ನೂ ಕಟ್ಟಿದ್ದ. ನೆಲ ಯಾವ ದೇಶದ್ದೆಂದು ಗಡಿ ತೀರ್ಮಾನವಾಗದೆ ದೂರು ತಗೊಳ್ಳುವುದಿಲ್ಲ ಎಂದರು ಠಾಣೆಯವರು.

"ಆಯೋಗ ಬರ್ಲಿ ಅತ್ತಿಗೆ, ಕಾಯ್ತಾ ಇರಿ," ಎಂದು ಹಲ್ಲು ಕಿರಿದಿದ್ದ ಸಂದಾಲಿಯೊ.

ಕಾದಳು. ಮೂರನೆಯ ಪಂಚ ಯಾರೆಂದು ಒಪ್ಪಲು ಎರಡು ಸರ್ಕಾರಗಳಿಗೆ ನಾಲ್ಕು ವರ್ಷ ಬೇಕಾಯಿತು. ಒಪ್ಪಿದ ಮೇಲೆ ಆ ಪಂಚ ತೀರಿಕೊಂಡ, ಇನ್ನೊಬ್ಬನನ್ನು ಹುಡುಕಬೇಕಾಯಿತು. ಆಮೇಲೆ ಸಭೆ ಯಾವ ಊರಲ್ಲಿ ಎಂಬ ಪತ್ರವ್ಯವಹಾರ. ಅದರಲ್ಲೊಂದು ಪತ್ರ ತಪ್ಪು ವಿಳಾಸಕ್ಕೆ ಹೋಗಿ ಎರಡು ವರ್ಷ ಮಲಗಿತ್ತು. ವಿಳಾಸ ಬರೆದವನು ಎವರಿಸ್ತೊನೇ, ಅದನ್ನವನು ಬಾಯಿಬಿಡಲಿಲ್ಲ.

ಹಳ್ಳವೇ ಗಡಿ ಎಂದು ಒಪ್ಪಂದದಲ್ಲಿತ್ತು. ಆಗ ಅದು ಹರಿಯುತ್ತಿದ್ದುದು ಸಂದಾಲಿಯೊನ ಮನೆಯ ಹಿಂದೆ, ಎರಡೂ ಮನೆ ಒಂದೇ ದಡದಲ್ಲಿ. ಕಾಸಿಲ್ದಾ ಹಳ್ಳದ ಮೇಲಿನ ತಿರುವಿಗೆ ಹೋಗಿ ದಿನಕ್ಕೊಂದು ಕಲ್ಲು ನೀರಿಗೆ ಹಾಕಿ ಬರುತ್ತಿದ್ದಳು.

"ಏನತ್ತಿಗೆ, ಅಣ್ಣಂಗೆ ಗೋರಿ ಕಟ್ತಿದೀರಾ?"

"ಹೂಂ ಕಣಪ್ಪಾ, ಯಾರಿಗೋ ಒಬ್ಬರಿಗೆ."

ಐದನೆಯ ವರ್ಷ ಹಿಮ ಕರಗಿದಾಗ ನೀರು ಹಳೆಯ ದಾರಿ ಬಿಟ್ಟು ಸಂದಾಲಿಯೊನ ಅಂಗಳದ ಮುಂದೆ ಹರಿಯಿತು. ನೀರು ಹೊರುವುದು ತಪ್ಪಿತೆಂದು ಅವನು ಕುರಿ ಸುಟ್ಟು ಊರಿಗೆಲ್ಲ ಊಟ ಹಾಕಿದ. ಹಳ್ಳ ವರ್ಷ ವರ್ಷ ಇತ್ತ, ಕಾಸಿಲ್ದಾಳ ಹುಲ್ಲುಗಾವಲಿನತ್ತ, ಸರಿಯುತ್ತಲೇ ಇತ್ತು.

ಹೊರಗೆ ಪಂಚರು ಹೆಚ್ಚು ಯೋಚಿಸಲಿಲ್ಲ. ನಕಾಶೆ ತಪ್ಪೆಂದು ಬರೆದರೆ ಹೊಸ ಆಯೋಗ, ಮತ್ತೆ ಒಂಬತ್ತು ವರ್ಷ. ಹಳ್ಳ ಇಂದು ಎಲ್ಲಿದೆಯೋ ಅಲ್ಲೇ ಗಡಿ ಎಂದು ಬರೆದು, ಒದ್ದೆ ಮೊಹರು ಒತ್ತಿದರು.

ಸಂಜೆಯೊಳಗೆ ಆಚೆ ದಡದಿಂದ ಕೂಗು ಕೇಳಿಸಿತು. "ಅತ್ತಿಗೇ! ನನ್ನ ದನ ನನ್ನ ಮನೆಗೆ ಬರೋಕೆ ಸುಂಕದವರ ಚೀಟಿ ಬೇಕಂತೆ!"

"ಚೀಟಿ ಬರ್ಲಿ ಬಿಡಪ್ಪಾ. ಕಾಯ್ತಾ ಇರು."

ಎವರಿಸ್ತೊ ತಪ್ಪು ವಿಳಾಸದ ಆ ಪತ್ರ ನೆನೆದು ಕಂಬಳಿಯೊಳಗೇ ಬೆವರಿದ. "ನಮ್ಮಿಂದ ಒಂಬತ್ತು ವರ್ಷ ತಡವಾಯ್ತಲ್ಲಮ್ಮಾ, ನಿಮಗೆ ತುಂಬಾ ತೊಂದರೆ ಆಯ್ತೇನೋ?"

ಕಾಸಿಲ್ದಾ ಕಿಟಕಿಯಾಚೆ ನೋಡಿದಳು.

"ಅವನ ಕೊಟ್ಟಿಗೆ ಇನ್ನೂ ಈ ಕಡೇನೇ ಇದೆ, ಗುಮಾಸ್ತರೇ. ಹಳ್ಳ ಅದರ ಗೋಡೆವರೆಗಷ್ಟೇ ಬಂದಿದೆ. ಇನ್ನೊಂದು ವರ್ಷ ತಡ ಮಾಡಬಹುದಿತ್ತು ನೀವು."